ಡೀಸೆಲ್ ಯಂತ್ರಗಳ ಯೂರಿಯಾ ದ್ರವ: ಅದರ ಅಳತೆಯೂ ಪರೀಕ್ಷೆಯೂ

ಯೂರಿಯಾ ಎಂದರೆ ಹೊಲಕ್ಕೆ ಹಾಕುವ ಗೊಬ್ಬರವೆಂಬುದನ್ನು ರೈತರೆಲ್ಲರೂ ಬಲ್ಲರು. ಕಬ್ಬು, ಜೋಳ, ಗೋಧಿ ಮೊದಲಾದ ಬೆಳೆಗಳಿಗೆ ಸಾರಜನಕವನ್ನು ಒದಗಿಸುವುದರಲ್ಲಿ ಇದರ ಪ್ರಯೋಜನವು ಸರ್ವವಿದಿತವಾದುದು. ಆದರೆ ಕೆಲವು ವರ್ಷಗಳಿಂದೀಚೆಗೆ ಈ ಪದಾರ್ಥವು ಹೊಲದ ಎಲ್ಲೆಯನ್ನು ದಾಟಿ ರಸ್ತೆಯ ಮೇಲೂ ಕೆಲಸಮಾಡತೊಡಗಿದೆ. ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳಲ್ಲಿ ಕಬ್ಬನ್ನೂ ತೊಗರಿ ಸೋಯಾಬೀನುಗಳನ್ನೂ ಸಾಗಿಸುವ ಹೊಸ ಲಾರಿಗಳನ್ನು ನೋಡಿದರೆ, ಡೀಸೆಲ್ ತೊಟ್ಟಿಯ ಸಮೀಪದಲ್ಲಿ ನೀಲಿ ಮುಚ್ಚಳವುಳ್ಳ ಮತ್ತೊಂದು ಚಿಕ್ಕ ತೊಟ್ಟಿಯಿರುವುದು ಕಂಡುಬರುವುದು. ಅದರಲ್ಲಿ ತುಂಬುವ ನೀರಿನಂಥ ದ್ರವಕ್ಕೆ ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್, ಸಂಕ್ಷೇಪವಾಗಿ ಡಿ.ಇ.ಎಫ್., ಎಂದು ಹೆಸರು. ಚಾಲಕರು ಇದನ್ನು ಬರಿದೆ "ಯೂರಿಯಾ" ಎಂದೇ ಕರೆಯುವರು.

ಈ ಹೆಸರೇ ಒಂದು ಅನರ್ಥಕ್ಕೆ ದಾರಿಮಾಡುವಂತಿದೆ. ಎರಡೂ ಯೂರಿಯಾವೇ ಆದಮೇಲೆ, ಮನೆಯಲ್ಲಿರುವ ಚೀಲದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ತೊಟ್ಟಿಗೆ ಸುರಿದರೆ ಆಗದೇಕೆ ಎಂಬ ಆಲೋಚನೆಯು ಯಾರಿಗಾದರೂ ಬರಬಹುದು. ಪರೀಕ್ಷೆಯ ಉಪಕರಣದಲ್ಲಿ ಅಂಕಿಯು ಸರಿಯಾಗಿ ಬಂದಿತೆಂದರೆ ಉಳಿದ ಸಂಶಯವೂ ತೀರಿಹೋಗುವುದು. ಆದರೆ ಅಂಕಿಯು ಸರಿಯಾಗಿದ್ದೂ ದ್ರವವು ಕೆಟ್ಟದ್ದಾಗಿರಬಹುದೆಂಬುದೇ ಇಲ್ಲಿ ಮುಖ್ಯವಾಗಿ ಗ್ರಹಿಸತಕ್ಕ ವಿಷಯ. ಆದಕಾರಣ ಈ ದ್ರವದಲ್ಲಿ ಯೂರಿಯಾ ಅಂಶವನ್ನು ಅಳೆಯುವ ಕ್ರಮವನ್ನೂ, ಆ ಅಳತೆಯಿಂದ ಏನು ತಿಳಿಯುವುದು, ಏನು ತಿಳಿಯದು ಎಂಬುದನ್ನೂ, ಗ್ರಾಮದ ಮುಖಂಡರ ಮತ್ತು ಜಮೀನುದಾರರ ತಿಳಿವಳಿಕೆಗಾಗಿ ಮುಂದೆ ವಿವರಿಸಿದೆ.

ದ್ರವದ ಸ್ವರೂಪವೂ ಕೆಲಸವೂ

ಡೀಸೆಲ್ ಎಣ್ಣೆಯು ಯಂತ್ರದೊಳಗೆ ಅತ್ಯಂತ ಶಾಖದಿಂದ ಉರಿಯುವಾಗ, ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿ ಸಾರಜನಕದ ಆಕ್ಸೈಡುಗಳೆಂಬ ಅನಿಲಗಳುಂಟಾಗುವುವು. ಇವು ಉಸಿರಾಟಕ್ಕೆ ಕೇಡನ್ನುಂಟುಮಾಡುವುದಲ್ಲದೆ, ಬಿಸಿಲಿನಲ್ಲಿ ನೆಲಮಟ್ಟದ ಓಜೋನ್ ಹುಟ್ಟುವುದಕ್ಕೂ ಕಾರಣವಾಗಿ ಬೆಳೆಗಳ ಎಲೆಗಳಿಗೂ ಹಾನಿಮಾಡುವುವು. ಇವನ್ನು ಕಡಮೆಮಾಡುವ ಉದ್ದೇಶದಿಂದ 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಮಾರಾಟವಾಗುವ ಹೊಸ ಲಾರಿಗಳಿಗೆ ಭಾರತ್ ಸ್ಟೇಜ್ 6 ಎಂಬ ನಿಯಮವು ಜಾರಿಗೆ ಬಂದಿತು. ಅದೇ ರೀತಿಯಲ್ಲಿ 50 ಅಶ್ವಶಕ್ತಿಗೆ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಬಿಗಿಯಾದ ನಿಯಮವು ಅನ್ವಯಿಸಿದೆ. ಹಾಗೆಂದು ಎಲ್ಲ ಟ್ರ್ಯಾಕ್ಟರುಗಳಿಗೂ ಈ ದ್ರವವು ಬೇಕೆಂದು ತಿಳಿಯಕೂಡದು. ಸಾಮಾನ್ಯ ರೈತನ ಚಿಕ್ಕ ಟ್ರ್ಯಾಕ್ಟರಿಗೆ ಇದರ ಅವಶ್ಯಕತೆಯಿಲ್ಲ. ದೊಡ್ಡವುಗಳಲ್ಲಿಯೂ ಕೆಲವು ಬೇರೆ ಉಪಾಯದಿಂದ ನಿಯಮವನ್ನು ಪೂರೈಸುವುವು. ಯಂತ್ರದ ಕೈಪಿಡಿಯಲ್ಲಿ ಹೇಳಿದ್ದರೆ ಮಾತ್ರ ಇದನ್ನು ಉಪಯೋಗಿಸತಕ್ಕದ್ದು.

ಈ ದ್ರವವನ್ನು ಬಿಸಿಯಾದ ಹೊಗೆಕೊಳವೆಯೊಳಗೆ ಸಣ್ಣ ನಳಿಕೆಯ ಮೂಲಕ ಮಂಜಿನಂತೆ ಸಿಂಪಡಿಸುವ ಏರ್ಪಾಡಿರುವುದು. ಶಾಖಕ್ಕೆ ನೀರು ಆರಿಹೋಗಿ, ಯೂರಿಯಾ ಒಡೆದು ಅಮೋನಿಯಾ ಉಂಟಾಗುವುದು. ಮುಂದೆ ಜೇನುಹುಟ್ಟಿನಂತೆ ಸೂಕ್ಷ್ಮವಾದ ಕಂಡಿಗಳುಳ್ಳ ವೇಗವರ್ಧಕವೆಂಬ ಭಾಗದಲ್ಲಿ ಆ ಅಮೋನಿಯಾವು ವಿಷಾನಿಲಗಳೊಡನೆ ಸೇರಿ, ಅವನ್ನು ನಿರಪಾಯಕರವಾದ ಸಾರಜನಕವನ್ನಾಗಿಯೂ ನೀರಿನ ಆವಿಯನ್ನಾಗಿಯೂ ಮಾರ್ಪಡಿಸುವುದು. ಸಾಧಾರಣವಾಗಿ 100 ಲೀಟರು ಡೀಸೆಲ್ಲಿಗೆ 3ರಿಂದ 5 ಲೀಟರು ದ್ರವವು ಖರ್ಚಾಗುವುದು.

ದ್ರವದಲ್ಲಿ ತೂಕದ ಪ್ರಕಾರ ಶೇಕಡಾ 32.5 ಭಾಗ ಶುದ್ಧ ಯೂರಿಯಾವೂ ಉಳಿದದ್ದು ಲವಣರಹಿತವಾದ ನೀರೂ ಇರತಕ್ಕದ್ದು. ಈ ಪ್ರಮಾಣವನ್ನೇ ಆರಿಸಿದ್ದಕ್ಕೆ ಕಾರಣವುಂಟು. ಯೂರಿಯಾ ನೀರು ಇಷ್ಟು ಪ್ರಮಾಣದಲ್ಲಿ ಬೆರೆತಾಗ ದ್ರವವು ಹೆಪ್ಪುಗಟ್ಟುವ ಉಷ್ಣತೆಯು ಅತ್ಯಂತ ಕಡಮೆ, ಎಂದರೆ ಸೊನ್ನೆಗಿಂತ 11 ಡಿಗ್ರಿ ಸೆಲ್ಸಿಯಸ್ ಕೆಳಗೆ, ಇರುವುದು. ಬೀದರ ಸೀಮೆಯ ಚಳಿಗೆ ಇದು ಹೆಪ್ಪುಗಟ್ಟುವ ಭಯವಿಲ್ಲ. ಆದರೆ ದ್ರವದಲ್ಲಿ ಇಷ್ಟೇ ಯೂರಿಯಾ ಇರುವುದೆಂಬ ನಂಬಿಕೆಯ ಮೇಲೆ ಯಂತ್ರವು ಸಿಂಪಡಿಕೆಯನ್ನು ಲೆಕ್ಕಹಾಕುವುದಾದ್ದರಿಂದ, ಪ್ರಮಾಣವು ಕೆಡುವಂತಿಲ್ಲ. ಕಡಮೆಯಾದರೆ ವಿಷಾನಿಲವು ಉಳಿಯುವುದು. ಹೆಚ್ಚಾದರೆ ಅಮೋನಿಯಾ ಮಿಕ್ಕು ಹೊರಕ್ಕೆ ಬರುವುದು ಮತ್ತು ಕೊಳವೆಯಲ್ಲಿ ಬಿಳಿಯ ಗಟ್ಟಿ ಕೂಡುವುದು.

ಮಾನಕದ ಮಿತಿಗಳು

ಈ ದ್ರವಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕವು ಐ.ಎಸ್.ಒ. 22241. ಅದರಲ್ಲಿ ಗೊತ್ತುಮಾಡಿರುವ ಮಿತಿಗಳಲ್ಲಿ ಮುಖ್ಯವಾದುವು ಇವು:

ಯೂರಿಯಾ ಅಂಶ: ಶೇಕಡಾ 31.8ರಿಂದ 33.2.
20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರಿನ ತೂಕ: 1087ರಿಂದ 1093 ಗ್ರಾಂ.
ಅದೇ ಉಷ್ಣತೆಯಲ್ಲಿ ವಕ್ರೀಭವನಾಂಕ: 1.3814ರಿಂದ 1.3843.
ಬೈಯುರೆಟ್: ಶೇಕಡಾ 0.3ಕ್ಕೆ ಮೀರಬಾರದು.
ಆಲ್ಡಿಹೈಡುಗಳು: ಕಿಲೋಗ್ರಾಮಿಗೆ 5 ಮಿಲಿಗ್ರಾಮಿಗೆ ಮೀರಬಾರದು.
ಕರಗದ ಕಲ್ಮಷ: ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗೆ ಮೀರಬಾರದು.
ಕ್ಯಾಲ್ಸಿಯಂ, ಕಬ್ಬಿಣ, ಸೋಡಿಯಂ, ಪೊಟ್ಯಾಸಿಯಂ: ಪ್ರತಿಯೊಂದೂ ಕಿಲೋಗ್ರಾಮಿಗೆ 0.5 ಮಿಲಿಗ್ರಾಮಿಗೆ ಮೀರಬಾರದು.

ಇವುಗಳಲ್ಲಿ ಮೊದಲಿನ ಮೂರು, ಯೂರಿಯಾ ಎಷ್ಟಿದೆ ಎಂಬುದಕ್ಕೆ ಸಂಬಂಧಪಟ್ಟವು. ಉಳಿದವು, ಯೂರಿಯಾದ ಜೊತೆಗೆ ಬೇರೇನಿದೆ ಎಂಬುದಕ್ಕೆ ಸಂಬಂಧಪಟ್ಟವು. ಈ ಭೇದವನ್ನು ಮರೆಯಕೂಡದು.

ಅಳೆಯುವ ಕ್ರಮಗಳು

ಮೊದಲನೆಯದು, ತೂಕದ ಕ್ರಮ. ಒಂದು ಶುಚಿಯಾದ ಗಾಜಿನ ಸೀಸೆಯನ್ನು ಬರಿದಾಗಿ ತೂಗಿ, ಅನಂತರ ಭಟ್ಟಿ ಇಳಿಸಿದ ನೀರನ್ನು ಗುರುತಿನವರೆಗೆ ತುಂಬಿ ತೂಗಿ, ಕಡೆಗೆ ಸೀಸೆಯನ್ನು ಒಣಗಿಸಿ ದ್ರವವನ್ನು ಅದೇ ಗುರುತಿನವರೆಗೆ ತುಂಬಿ ತೂಗತಕ್ಕದ್ದು. ನೀರು ಮತ್ತು ದ್ರವ ಎರಡೂ ಒಂದೇ ಉಷ್ಣತೆಯಲ್ಲಿರಬೇಕು. ನೀರು 1000 ಗ್ರಾಂ ಹಿಡಿದರೆ ಸರಿಯಾದ ದ್ರವವು ಸುಮಾರು 1090 ಗ್ರಾಂ ಹಿಡಿಯುವುದು. ಶೇಕಡಾ ಒಂದು ಭಾಗ ಯೂರಿಯಾ ಹೆಚ್ಚುಕಡಮೆಯಾದರೆ ತೂಕದಲ್ಲಿ ಸುಮಾರು 3 ಗ್ರಾಂ ಮಾತ್ರ ವ್ಯತ್ಯಾಸ ಬರುವುದಾದ್ದರಿಂದ, ಗ್ರಾಮಿನವರೆಗೆ ತೋರಿಸುವ ತಕ್ಕಡಿಯು ಅವಶ್ಯಕ. ಅಂಗಡಿಯ ತಕ್ಕಡಿಯಿಂದ ಹೆಚ್ಚಾಗಿ ನೀರು ಬೆರೆಸಿದ ದ್ರವವನ್ನು ಮಾತ್ರ ಗುರುತಿಸಬಹುದು. ಶೇಕಡಾ 20ಕ್ಕೆ ಇಳಿದ ದ್ರವವು ಸುಮಾರು 1055 ಗ್ರಾಂ ಮಾತ್ರ ತೂಗುವುದು.

ಎರಡನೆಯದು, ವಕ್ರೀಭವನದ ಕ್ರಮ. ಭಾಲ್ಕಿ, ಹುಮನಾಬಾದ ಕಡೆಯ ಕಬ್ಬು ಬೆಳೆಗಾರರಿಗೆ ಈ ಉಪಕರಣವು ಹೊಸದಲ್ಲ. ಕಬ್ಬು ಮಾಗಿದೆಯೇ ಎಂದು ನೋಡುವುದಕ್ಕಾಗಿ ರಸದ ಎರಡು ಹನಿಗಳನ್ನು ಗಾಜಿನ ಮೇಲೆ ಹಾಕಿ, ಕಣ್ಣಿಗೆ ಹಿಡಿದು ಬ್ರಿಕ್ಸ್ ಅಂಕಿಯನ್ನು ಓದುವ ರಿಫ್ರಾಕ್ಟೋಮೀಟರೇ ಇದು. ನೀರಿನಲ್ಲಿ ಪದಾರ್ಥವು ಕರಗಿದಷ್ಟೂ ಬೆಳಕು ಹೆಚ್ಚಾಗಿ ಬಾಗುವುದೆಂಬ ತತ್ತ್ವದ ಮೇಲೆ ಇದು ಕೆಲಸಮಾಡುವುದು. ಡಿ.ಇ.ಎಫ್. ಪರೀಕ್ಷೆಗೆ ಯೂರಿಯಾದ ಅಂಕಿಗಳನ್ನೇ ಕೆತ್ತಿದ ಉಪಕರಣಗಳು ದೊರೆಯುವುವು. ಮೊದಲು ಭಟ್ಟಿ ಇಳಿಸಿದ ನೀರನ್ನು ಹಾಕಿ ಸೊನ್ನೆಗೆ ಸರಿಪಡಿಸಿ, ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರಸಿ, ದ್ರವದ ಎರಡು ಮೂರು ಹನಿಗಳನ್ನು ಗುಳ್ಳೆಯೇಳದಂತೆ ಹರಡಿ ಮುಚ್ಚಳವನ್ನು ಮುಚ್ಚಿ, ಬೆಳಕಿನ ಕಡೆಗೆ ಹಿಡಿದು, ಕಪ್ಪು ಬಿಳುಪುಗಳು ಸೇರುವ ಗೆರೆಯನ್ನು ಓದತಕ್ಕದ್ದು. ಮೂರು ಸಲ ಓದಿ ಸರಾಸರಿಯನ್ನು ತೆಗೆದುಕೊಳ್ಳುವುದು ಉತ್ತಮ.

ಇಲ್ಲಿ ಉಷ್ಣತೆಯ ವಿಚಾರದಲ್ಲಿ ಎಚ್ಚರಿಕೆಯು ಬೇಕು. ದ್ರವವು ಬಿಸಿಯಾದಷ್ಟೂ ಬೆಳಕು ಕಡಮೆ ಬಾಗುವುದು. ವೈಶಾಖದ ಬಿಸಿಲಿನಲ್ಲಿ ಕಾದ ಲಾರಿಯ ತೊಟ್ಟಿಯಿಂದ ತೆಗೆದ ದ್ರವವನ್ನು ಉಷ್ಣತೆಗೆ ತಾನಾಗಿ ಸರಿಹೊಂದದ ಉಪಕರಣದಲ್ಲಿ ನೋಡಿದರೆ, ಒಳ್ಳೆಯ ದ್ರವವೂ ಕೆಳಮಿತಿಗಿಂತ ಕಡಮೆಯೆಂದು ತೋರಬಹುದು. ನೆರಳಿನಲ್ಲಿ ತಣಿಸಿ, ತಂಪು ಹೊತ್ತಿನಲ್ಲಿ ಪರೀಕ್ಷಿಸುವುದು ಯುಕ್ತ. ಇದಕ್ಕೆ ವಿರುದ್ಧವಾಗಿ, ತೆರೆದಿಟ್ಟ ಕ್ಯಾನಿನಿಂದ ನೀರು ಆರಿಹೋಗಿದ್ದರೆ ಅಂಕಿಯು ಮೇಲಕ್ಕೇರುವುದು.

ಮೂರನೆಯದು, ಪ್ರಯೋಗಶಾಲೆಯ ಕ್ರಮ. ದ್ರವವನ್ನು ಉರಿಸಿ ಅದರಲ್ಲಿರುವ ಒಟ್ಟು ಸಾರಜನಕವನ್ನು ಅಳೆದು, ಬೈಯುರೆಟ್ಟಿನಲ್ಲಿರುವ ಸಾರಜನಕವನ್ನು ಕಳೆದು, ಉಳಿದದ್ದನ್ನು 2.1438ರಿಂದ ಗುಣಿಸಿದರೆ ಯೂರಿಯಾ ಅಂಶವು ದೊರೆಯುವುದು. ದೃಷ್ಟಾಂತ: ಒಟ್ಟು ಸಾರಜನಕ ಶೇಕಡಾ 15.2, ಬೈಯುರೆಟ್ ಶೇಕಡಾ 0.3 ಎಂದಿಟ್ಟುಕೊಂಡರೆ, ಬೈಯುರೆಟ್ಟಿನ ಸಾರಜನಕ 0.12. ಉಳಿದ 15.08ನ್ನು 2.1438ರಿಂದ ಗುಣಿಸಲು ಯೂರಿಯಾ ಶೇಕಡಾ 32.3 ಆಗುವುದು. ಬೈಯುರೆಟ್ಟನ್ನು ಅಳೆಯುವುದಕ್ಕೆ ಕ್ಷಾರದಲ್ಲಿ ಮೈಲುತುತ್ತದ ದ್ರಾವಣವನ್ನು ಸೇರಿಸುವರು. ಆಗ ಹುಟ್ಟುವ ನೇರಳೆ ಬಣ್ಣದ ಗಾಢತೆಯಿಂದ ಅದರ ಪ್ರಮಾಣವು ತಿಳಿದುಬರುವುದು. ಲೋಹಗಳ ಅಂಶವನ್ನು ಕಂಡುಹಿಡಿಯುವುದಕ್ಕೆ ಇದಕ್ಕಿಂತಲೂ ಸೂಕ್ಷ್ಮವಾದ ಯಂತ್ರಗಳು ಬೇಕು.

ಅಂಕಿಗೆ ಸಿಕ್ಕದ ದೋಷ

ರಿಫ್ರಾಕ್ಟೋಮೀಟರು ಬೆಳಕು ಎಷ್ಟು ಬಾಗಿತೆಂಬುದನ್ನು ಮಾತ್ರ ಹೇಳುವುದು. ಯಾವ ಪದಾರ್ಥದಿಂದ ಬಾಗಿತೆಂಬುದನ್ನು ಹೇಳಲಾರದು. ಒಳ್ಳೆಯ ಡಿ.ಇ.ಎಫ್. ದ್ರವವನ್ನು ಕಬ್ಬಿನ ಬ್ರಿಕ್ಸ್ ಉಪಕರಣದಲ್ಲಿ ನೋಡಿದರೆ ಸುಮಾರು 31 ಎಂದು ತೋರುವುದು. ಆದರೆ ಅದರಲ್ಲಿ ಸಕ್ಕರೆಯ ಲೇಶವೂ ಇಲ್ಲ. ಅದೇ ರೀತಿಯಲ್ಲಿ ಸಕ್ಕರೆಯ ಪಾನಕವನ್ನು ತಕ್ಕಷ್ಟು ಗಟ್ಟಿಯಾಗಿ ಮಾಡಿ ಯೂರಿಯಾದ ಉಪಕರಣದಲ್ಲಿ ನೋಡಿದರೆ 32.5 ಎಂದೇ ತೋರುವುದು. ನೀರು ಬೆರೆಸಿದ ಹಾಲಿಗೆ ಸಕ್ಕರೆಯನ್ನು ಕೂಡಿಸಿ ಲ್ಯಾಕ್ಟೋಮೀಟರನ್ನು ವಂಚಿಸುವ ಉಪಾಯವನ್ನು ಹೈನುಗಾರಿಕೆಯ ಅನುಭವವುಳ್ಳವರು ಬಲ್ಲರು; ಇದೂ ಅದೇ ಜಾತಿಯದು.

ಬಗದಲ್ ಹೋಬಳಿಯಲ್ಲಿ ಕಬ್ಬಿನ ಹೊಲವನ್ನೂ ಒಂದು ಲಾರಿಯನ್ನೂ ಉಳ್ಳ ಜಮೀನುದಾರನೊಬ್ಬನಿರುವನೆಂದು ಭಾವಿಸೋಣ. ಅವನು ಚೀಲದ ಯೂರಿಯಾವನ್ನು ಬೋರಿನ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಉಪಕರಣದಲ್ಲಿ ನೋಡುವನು, ಅಂಕಿಯು 32.5 ಎಂದೇ ಬರುವುದು. ಸಂತೋಷದಿಂದ ತೊಟ್ಟಿಗೆ ಸುರಿಸುವನು. ಮೊದಮೊದಲು ಯಾವ ತೊಂದರೆಯೂ ತೋರದಿರಬಹುದು. ಬರಬರುತ್ತ ನಳಿಕೆಯ ಬಾಯಿ ಕಟ್ಟುವುದು, ಕೊಳವೆಯಲ್ಲಿ ಗಟ್ಟಿ ಕೂಡುವುದು, ವೇಗವರ್ಧಕದ ಶಕ್ತಿಯು ಕುಂದುವುದು. ಹೊಗೆಯನ್ನು ಪರೀಕ್ಷಿಸುವ ಸಾಧನವು ಇದನ್ನು ಕಂಡುಹಿಡಿದು ಚಾಲಕನ ಮುಂದೆ ಎಚ್ಚರಿಕೆಯ ದೀಪವನ್ನು ಹೊತ್ತಿಸುವುದು. ಆಗಲೂ ಲಕ್ಷಿಸದಿದ್ದರೆ ಯಂತ್ರವೇ ತನ್ನ ಬಲವನ್ನು ತಗ್ಗಿಸಿಕೊಳ್ಳುವುದು. ಕಬ್ಬು ಕಡಿದು ಲಾರಿಗೆ ಹೇರಿದ ಮೇಲೆ ಹೀಗಾದರೆ, ಕಾರ್ಖಾನೆಗೆ ತಲಪುವುದು ತಡವಾಗಿ ಕಬ್ಬು ಒಣಗಿ ತೂಕವೂ ಇಳಿಯುವುದು. ಕೆಟ್ಟ ವೇಗವರ್ಧಕವನ್ನು ಬದಲಾಯಿಸುವ ಖರ್ಚಿನ ಮುಂದೆ ದ್ರವದಲ್ಲಿ ಉಳಿಸಿದ ಹಣವು ಏನೇನೂ ಅಲ್ಲ.

ಚೀಲದ ಯೂರಿಯಾ ಏಕೆ ಕೂಡದು

ಗೊಬ್ಬರದ ಯೂರಿಯಾ ಕಳಪೆಯೆಂದು ಇದರ ಅರ್ಥವಲ್ಲ. ಹೊಲದ ಕೆಲಸಕ್ಕೆ ಅದು ಸರ್ವಥಾ ಯೋಗ್ಯವಾದುದೇ. ಆದರೆ ಆ ಯೋಗ್ಯತೆಯೇ ಯಂತ್ರಕ್ಕೆ ದೋಷವಾಗುವುದು. ಹೇಗೆಂದರೆ:

ಗೊಬ್ಬರದ ಯೂರಿಯಾದಲ್ಲಿ ಬೈಯುರೆಟ್ ಶೇಕಡಾ 1.5ರವರೆಗೆ ಇರಬಹುದೆಂದು ಕಾನೂನು ಒಪ್ಪಿದೆ. ಅಂಥದನ್ನು ಶೇಕಡಾ 32.5ರಂತೆ ಕರಗಿಸಿದರೆ ದ್ರವದಲ್ಲಿ ಬೈಯುರೆಟ್ ಶೇಕಡಾ 0.49 ಆಗುವುದು, ಮಾನಕದ ಮಿತಿಯು 0.3 ಮಾತ್ರ. 2015ರಿಂದ ದೇಶದಲ್ಲಿ ತಯಾರಾಗುವ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪವನ್ನು ಕಡ್ಡಾಯಮಾಡಿದೆ. ಮಣ್ಣಿನಲ್ಲಿ ಸಾರಜನಕವು ನಿಧಾನವಾಗಿ ಬಿಡುಗಡೆಯಾಗಲೆಂಬುದೂ, ಗೊಬ್ಬರವು ಅನ್ಯಕಾರ್ಯಗಳಿಗೆ ಹೋಗದಿರಲೆಂಬುದೂ ಇದರ ಉದ್ದೇಶ. ಆ ಎಣ್ಣೆಯು ಬಟ್ಟೆಯ ಸೋಸುವಿಕೆಗೆ ಪೂರ್ತಿಯಾಗಿ ನಿಲ್ಲದು. ಹರಳುಗಳು ಪುಡಿಯಾಗದಿರಲೆಂದು ತಯಾರಿಕೆಯಲ್ಲಿ ಸೇರಿಸುವ ಫಾರ್ಮಾಲ್ಡಿಹೈಡೂ ದ್ರವಕ್ಕೆ ಇಳಿಯುವುದು.

ನೀರಿನ ವಿಚಾರವು ಇನ್ನೂ ಸ್ಪಷ್ಟವಾದುದು. ಭಾಲ್ಕಿ, ಔರಾದ ಕಡೆಯ ಕರಿಯ ಭೂಮಿಯ ಬಾವಿಗಳ ನೀರನ್ನು ಕಾಯಿಸಿದ ಪಾತ್ರೆಗಳಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಅದು ಸುಣ್ಣದ ಅಂಶ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 75 ಮಿಲಿಗ್ರಾಂ ಕ್ಯಾಲ್ಸಿಯಂ ಒಪ್ಪತಕ್ಕದ್ದೆಂದು ಹೇಳಿದೆ. ಅಷ್ಟು ಒಳ್ಳೆಯ ನೀರಿನಿಂದ ತಯಾರಿಸಿದರೂ ದ್ರವದ ಕಿಲೋಗ್ರಾಮಿಗೆ ಸುಮಾರು 50 ಮಿಲಿಗ್ರಾಂ ಕ್ಯಾಲ್ಸಿಯಂ ಸೇರುವುದು. ಮಿತಿಗಿಂತ ಇದು ನೂರು ಪಾಲು ಹೆಚ್ಚು. ಬೀದರಿನ ಸುರಂಗಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಈ ಕೆಲಸಕ್ಕೆ ಬಾರದು. ಇಷ್ಟೆಲ್ಲ ದೋಷಗಳಿದ್ದೂ ರಿಫ್ರಾಕ್ಟೋಮೀಟರಿನ ಅಂಕಿಯು ಹೆಚ್ಚುಕಡಮೆಯಾಗದಿರುವುದೇ ಇದರ ಅಪಾಯ.

ಹೊಲಕ್ಕೆ ಆಗುವ ನಷ್ಟ

2018ರ ಮಾರ್ಚಿಯಿಂದ 45 ಕಿಲೋಗ್ರಾಂ ಯೂರಿಯಾ ಚೀಲದ ಬೆಲೆಯನ್ನು, ಬೇವಿನ ಲೇಪದ ವೆಚ್ಚವೂ ತೆರಿಗೆಯೂ ಹೊರತಾಗಿ, 242 ರೂಪಾಯಿಗಳೆಂದು ಗೊತ್ತುಮಾಡಿತು. ತಯಾರಿಕೆಗೆ ಅಥವಾ ಆಮದಿಗೆ ತಗಲುವ ಉಳಿದ ವೆಚ್ಚವನ್ನು ಕೇಂದ್ರ ಸರ್ಕಾರವು ಸಹಾಯಧನದ ರೂಪದಲ್ಲಿ ವಹಿಸಿಕೊಳ್ಳುವುದು. ಇಂಥ ಒಂದು ಚೀಲದಿಂದ ಸುಮಾರು 127 ಲೀಟರು ದ್ರವವನ್ನು ಮಾಡಬಹುದೆಂದು ಲೆಕ್ಕಹಾಕಿದರೆ, ದುರಾಶೆಯವರಿಗೆ ಇದರಲ್ಲಿ ಏಕೆ ಆಸಕ್ತಿಯೆಂಬುದು ತಿಳಿಯುವುದು. ಆದರೆ ಅದೇ ಚೀಲದಲ್ಲಿ ಬೆಳೆಗೆ ಸಲ್ಲಬೇಕಾದ 20.7 ಕಿಲೋಗ್ರಾಂ ಸಾರಜನಕವಿದೆ. ಮಳೆ ಬಿದ್ದು ಮೇಲುಗೊಬ್ಬರದ ಹದವು ಬಂದಾಗ ಅಂಗಡಿಯಲ್ಲಿ ಚೀಲವಿಲ್ಲದಿದ್ದರೆ, ಹದವು ಬಡ ರೈತನಿಗಾಗಿ ಕಾದಿರುವುದಿಲ್ಲ.

1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ 25ನೆಯ ಖಂಡದ ಪ್ರಕಾರ, ಕೇಂದ್ರ ಸರ್ಕಾರದ ಮುಂಚಿತ ಅಪ್ಪಣೆಯಿಲ್ಲದೆ ಗೊಬ್ಬರವನ್ನು ಭೂಮಿಯ ಸಾರವನ್ನು ಹೆಚ್ಚಿಸುವ ಮತ್ತು ಬೆಳೆಯನ್ನು ವೃದ್ಧಿಪಡಿಸುವ ಕೆಲಸಗಳ ಹೊರತು ಬೇರೆ ಕೆಲಸಕ್ಕೆ ಮಾರುವುದೂ ಉಪಯೋಗಿಸುವುದೂ ನಿಷಿದ್ಧ. ಈ ಆಜ್ಞೆಯು 1955ರ ಅವಶ್ಯಕ ವಸ್ತುಗಳ ಅಧಿನಿಯಮದ ಕೆಳಗೆ ಹೊರಟದ್ದು. ಸಹಾಯಧನದ ಯೂರಿಯಾ ಪ್ಲೈವುಡ್ಡಿನ ಅಂಟು ಮೊದಲಾದ ಕೈಗಾರಿಕೆಗಳ ಪಾಲಾಗುವುದನ್ನು ತಡೆಯುವುದಕ್ಕಾಗಿ ಕೇಂದ್ರ ರಸಗೊಬ್ಬರ ಇಲಾಖೆಯು 2022ರಲ್ಲಿ ಸಂಚಾರಿ ತಪಾಸಣೆಯ ದಳಗಳನ್ನು ಏರ್ಪಡಿಸಿತು. ಡಿ.ಇ.ಎಫ್. ತಯಾರಕರು ಲೇಪವಿಲ್ಲದ, ಸಹಾಯಧನವಿಲ್ಲದ ಶುದ್ಧ ಯೂರಿಯಾವನ್ನೇ ಕೊಂಡು ಉಪಯೋಗಿಸತಕ್ಕದ್ದು.

ಪಾಲಿಸತಕ್ಕ ಸೂಚನೆಗಳು

(1) ದ್ರವವನ್ನು ಮೊಹರು ಒಡೆಯದ ಕ್ಯಾನುಗಳಲ್ಲಿ, ರಸೀದಿಯೊಡನೆ ಕೊಳ್ಳತಕ್ಕದ್ದು. ತಯಾರಕರ ಹೆಸರು, ತಯಾರಾದ ತಾರೀಖು, ತಂಡದ ಸಂಖ್ಯೆ, ಐ.ಎಸ್.ಒ. 22241 ಎಂಬ ಗುರುತು ಇವೆಯೇ ಎಂದು ನೋಡತಕ್ಕದ್ದು.

(2) ಸ್ವಲ್ಪ ದ್ರವವನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡತಕ್ಕದ್ದು. ಅದು ನೀರಿನಂತೆ ತಿಳಿಯಾಗಿರಬೇಕು. ಮೇಲೆ ಎಣ್ಣೆಯ ಪೊರೆಯಾಗಲಿ, ಬೇವಿನ ವಾಸನೆಯಾಗಲಿ, ಕದಡಾಗಲಿ ಇದ್ದರೆ ಉಪಯೋಗಿಸಬಾರದು.

(3) ಅನಂತರ ರಿಫ್ರಾಕ್ಟೋಮೀಟರಿನಿಂದ ಪರೀಕ್ಷಿಸತಕ್ಕದ್ದು. ಅಂಕಿಯು ಮಿತಿಯ ಹೊರಗಿದ್ದರೆ ದ್ರವವನ್ನು ತಿರಸ್ಕರಿಸಬಹುದು. ಅಂಕಿಯು ಸರಿಯಾಗಿದೆಯೆಂಬ ಒಂದೇ ಕಾರಣದಿಂದ ಸ್ವೀಕರಿಸಬಾರದು.

(4) ದ್ರವವನ್ನು ನೆರಳಿನಲ್ಲಿ, ಮುಚ್ಚಳ ಭದ್ರವಾಗಿ ಹಾಕಿ ಇಡತಕ್ಕದ್ದು. 25 ಡಿಗ್ರಿಯೊಳಗೆ ಇಟ್ಟರೆ 18 ತಿಂಗಳು, 30 ಡಿಗ್ರಿಯೊಳಗೆ 12 ತಿಂಗಳು, 35 ಡಿಗ್ರಿಯೊಳಗೆ 6 ತಿಂಗಳು ಕೆಡದೆ ಇರುವುದು. ತಗಡಿನ ಕೊಟ್ಟಿಗೆಯಲ್ಲಿ ಬೇಸಗೆಯನ್ನು ಕಳೆದ ದ್ರವವನ್ನು ಪುನಃ ಪರೀಕ್ಷಿಸದೆ ಉಪಯೋಗಿಸಬಾರದು.

(5) ತಾಮ್ರ, ಹಿತ್ತಾಳೆ, ಸತುವಿನ ಲೇಪದ ಬಕೆಟ್ಟು, ಸಾಧಾರಣ ಕಬ್ಬಿಣ ಇವುಗಳ ಪಾತ್ರೆಗಳನ್ನು ಮುಟ್ಟಿಸಬಾರದು. ದ್ರವವು ಲೋಹವನ್ನು ತಿಂದು ತಾನೂ ಕೆಡುವುದು. ಇದಕ್ಕಾಗಿಯೇ ಬೇರೆಯಾಗಿಟ್ಟ ಪ್ಲಾಸ್ಟಿಕ್ ಲಾಳಿಕೆಯನ್ನು ಉಪಯೋಗಿಸತಕ್ಕದ್ದು.

(6) ತಪ್ಪಿ ಡೀಸೆಲ್ ತೊಟ್ಟಿಗೆ ಈ ದ್ರವವನ್ನಾಗಲಿ, ನೀಲಿ ಮುಚ್ಚಳದ ತೊಟ್ಟಿಗೆ ಡೀಸೆಲ್ಲನ್ನಾಗಲಿ ಹಾಕಿದರೆ ಯಂತ್ರವನ್ನು ಚಾಲೂ ಮಾಡಲೇಬಾರದು. ತೊಟ್ಟಿಯನ್ನು ಬರಿದುಮಾಡಿಸಿ ತೊಳೆಯಿಸಿದ ಮೇಲೆಯೇ ಮುಂದಿನ ಕೆಲಸ.

(7) ದ್ರವವನ್ನೂ ಬರಿದಾದ ಕ್ಯಾನನ್ನೂ ದನಕರುಗಳಿಂದ ದೂರವಿಡತಕ್ಕದ್ದು. ಒಂದು ಲೀಟರಿನಲ್ಲಿ ಸುಮಾರು 354 ಗ್ರಾಂ ಯೂರಿಯಾ ಇರುವುದು. ರೂಢಿಯಿಲ್ಲದ ಎತ್ತು ಎಮ್ಮೆಗಳು ಇದನ್ನು ಕುಡಿದರೆ ಪ್ರಾಣಾಪಾಯವುಂಟು. ಕ್ಯಾನುಗಳನ್ನು ನೀರು ತುಂಬುವುದಕ್ಕೂ ಕಲಗಚ್ಚಿಗೂ ಉಪಯೋಗಿಸಬಾರದು.

ಗ್ರಾಮದ ಮುಖಂಡರ ಮೇಲೆ ಇದಲ್ಲದೆ ಇನ್ನೊಂದು ಹೊಣೆಯುಂಟು. ಬೇಸಾಯವಿಲ್ಲದವರ ಮನೆಯಲ್ಲಿಯೋ ರಸ್ತೆಯ ಬದಿಯ ಕೊಟ್ಟಿಗೆಯಲ್ಲಿಯೋ ಯೂರಿಯಾ ಚೀಲಗಳು ರಾಶಿಯಾಗಿ ಕೂಡುತ್ತಿದ್ದರೆ, ಗುರುತಿಲ್ಲದ ಕ್ಯಾನುಗಳು ಅಗ್ಗದ ಬೆಲೆಗೆ ಹೊರಬೀಳುತ್ತಿದ್ದರೆ, ಅದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳಿಗೆ ಕೂಡಲೇ ತಿಳಿಸತಕ್ಕದ್ದು. ಅಲ್ಲಿ ಕಾಣುವ ಪ್ರತಿಯೊಂದು ಚೀಲವೂ ನೆರೆಯ ರೈತನೊಬ್ಬನ ಹೊಲಕ್ಕೆ ಹೋಗಬೇಕಾಗಿದ್ದುದು. ಅದನ್ನು ತುಂಬಿಸಿಕೊಂಡ ಲಾರಿಯೂ ಇಂದಲ್ಲದಿದ್ದರೆ ನಾಳೆ ನಿಲ್ಲತಕ್ಕದ್ದೇ. ಅಳತೆಯ ಉಪಕರಣವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಅದು ತೋರಿಸುವುದು ಪ್ರಮಾಣವನ್ನು ಮಾತ್ರ. ದ್ರವವು ಎಲ್ಲಿಂದ ಬಂದಿತು, ಯಾವುದರಿಂದ ಆಯಿತು ಎಂಬುದನ್ನು ಕೊಳ್ಳುವವನೇ ವಿಚಾರಿಸಿ ತಿಳಿಯಬೇಕು.